ಮಳೆಯ ಲೆಕ್ಕವನ್ನು ಲೋಕದೊಡನೆ ಕೂಡಿಸಿದ ಗಣಿತಜ್ಞ: ಸರ್ ಗಿಲ್ಬರ್ಟ್ ವಾಕರ್

ನಮ್ಮ ಜತ್ತ ತಾಲೂಕಿನಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯ ಕರಿನೆಲದಲ್ಲಿ ಹರಿದು ಕೃಷ್ಣೆಯನ್ನು ಸೇರುವ ಹೊಳೆ ಡೋಣಿ. ಅದು ತುಂಬಿ ಹರಿದ ವರ್ಷ ಓಣಿ ಓಣಿಯಲ್ಲೂ ಜೋಳ ತುಂಬಿರುತ್ತದೆ ಎಂಬ ತಿಳಿವಳಿಕೆ ಈ ಸೀಮೆಯ ಹಿರಿಯರಲ್ಲಿ ತಲೆತಲಾಂತರದಿಂದ ಬಂದಿದೆ. ಆದರೆ ಈ ವರ್ಷ ಡೋಣಿ ಹರಿಯುವುದೇ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಅರಬ್ಬಿ ಸಮುದ್ರದಿಂದ ಏರಿ ಬರುವ ಮೋಡಗಳು ಸಹ್ಯಾದ್ರಿಯನ್ನು ಹತ್ತುವಾಗಲೇ ತಮ್ಮ ಹೊರೆಯ ಬಹುಪಾಲನ್ನು ಇಳಿಸಿಬಿಡುತ್ತವೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ, ಬೆಟ್ಟದ ಮರೆಯಲ್ಲಿರುವ ನಮ್ಮ ಪಾಲಿಗೆ ಬರುವುದು ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಒಂದೇ ಸಾಂಗಲಿ ಜಿಲ್ಲೆಯಲ್ಲಿ ಪಶ್ಚಿಮದ ಶಿರಾಳಾ ಹಸಿರಾಗಿರುವಾಗ ಪೂರ್ವದ ಜತ್ತ ಮುಗಿಲು ನೋಡುತ್ತ ಕುಳಿತಿರುತ್ತದೆ.

ಆದ್ದರಿಂದಲೇ ನಮ್ಮ ಹಿರಿಯರು ಮಿರಗದಿಂದ ಸ್ವಾತಿಯವರೆಗೆ ಒಂದೊಂದು ನಕ್ಷತ್ರದ ಮಳೆಯನ್ನೂ ಹೆಸರು ಹಿಡಿದು ಎಣಿಸುತ್ತಿದ್ದರು. ಯಾವ ಮಳೆ ತಪ್ಪಿದರೆ ಯಾವ ಬೆಳೆ ಕೈಬಿಡುತ್ತದೆ ಎಂಬುದು ಅವರಿಗೆ ಕಂಠಪಾಠವಾಗಿತ್ತು. ಆದರೆ ಮಳೆ ತಪ್ಪುವುದು ಏಕೆ, ಅದನ್ನು ಮೊದಲೇ ತಿಳಿಯಲು ಸಾಧ್ಯವೇ ಎಂಬ ಪ್ರಶ್ನೆ ಉಳಿದೇ ಇತ್ತು. ಈ ಪ್ರಶ್ನೆಯ ಹಿಂದೆ ತಮ್ಮ ಬಾಳಿನ ಅತ್ಯುತ್ತಮ ಇಪ್ಪತ್ತು ವರ್ಷಗಳನ್ನು ಭಾರತದಲ್ಲಿ ಕಳೆದ ಒಬ್ಬ ಆಂಗ್ಲ ಗಣಿತಜ್ಞರ ಜೀವನವನ್ನು ನಮ್ಮ ಶಾಲೆಯ ಶತಮಾನೋತ್ಸವದ ಈ ಸಂಚಿಕೆಯಲ್ಲಿ ನೆನೆಯುವುದು ಉಚಿತವೆನಿಸುತ್ತದೆ. ಅವರೇ ಸರ್ ಗಿಲ್ಬರ್ಟ್ ಥಾಮಸ್ ವಾಕರ್. ನಮ್ಮ ಶಾಲೆ ಅಕ್ಷರ ಕಲಿಸಲು ತೊಡಗಿದ ಕಾಲಕ್ಕೆ ಆಸುಪಾಸಿನಲ್ಲಿಯೇ ಅವರು ತಮ್ಮ ಅತಿ ದೊಡ್ಡ ಶೋಧವನ್ನು ಲೋಕದ ಮುಂದಿಟ್ಟರು.

ವಾಕರ್ ಅವರ ಕೆಲಸದ ಬೆಲೆ ತಿಳಿಯಬೇಕಾದರೆ ಅವರಿಗಿಂತ ಮುಂಚಿನ ಕಥೆಯನ್ನು ಸ್ವಲ್ಪ ಅರಿಯಬೇಕು. 1876ರಲ್ಲಿ ದಖ್ಖಣದ ಮೇಲೆ ಮುಂಗಾರು ತಪ್ಪಿತು. ಧಾತು ಸಂವತ್ಸರದಲ್ಲಿ ಮೊದಲಾಗಿ ಈಶ್ವರ ಸಂವತ್ಸರಕ್ಕೂ ಮುಂದುವರಿದ ಆ ಬರವನ್ನು ಕನ್ನಡ ನಾಡು ಧಾತು-ಈಶ್ವರ ಬರವೆಂದೇ ನೆನಪಿಟ್ಟುಕೊಂಡಿದೆ. ಆಗ ಜತ್ತ ಡಫಳೆ ಮನೆತನದ ಸಂಸ್ಥಾನವಾಗಿತ್ತು. ನಮ್ಮ ನೆರೆಯ ಸೊಲ್ಲಾಪುರ, ಮುಂದೆ ಬಿಜಾಪುರ ಜಿಲ್ಲೆ ಎನಿಸಿಕೊಂಡ ಕಲಾದಗಿ, ಅತ್ತ ಬಳ್ಳಾರಿ ಮತ್ತು ಮೈಸೂರು ಸೀಮೆಗಳು ಆ ಬರದಲ್ಲಿ ಅತಿ ಹೆಚ್ಚು ನೊಂದವು. ಎರಡು ವರ್ಷಗಳಲ್ಲಿ ದೇಶದಲ್ಲಿ 50 ಲಕ್ಷಕ್ಕೂ ಮಿಕ್ಕಿ ಜನ ಸತ್ತರೆಂದು ಅಂದಾಜು ಮಾಡಲಾಗಿದೆ. ಆ ದಿನಗಳಲ್ಲಿಯೂ ದೇಶದ ಧಾನ್ಯ ಹಡಗುಗಳನ್ನೇರಿ ಹೊರದೇಶಗಳಿಗೆ ಹೋಗುತ್ತಲೇ ಇತ್ತು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಮಳೆ ಮಾತ್ರವೇ ಜನರನ್ನು ಕೊಲ್ಲುವುದಿಲ್ಲ. ಈ ವಿಷಯಕ್ಕೆ ಕೊನೆಯಲ್ಲಿ ಮರಳುತ್ತೇವೆ.

ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು ಆ ಬರಕ್ಕೆ ಒಂದೇ ವರ್ಷ ಮೊದಲು, 1875ರಲ್ಲಿ. ಅದರ ಮೊದಲ ಮುಖ್ಯಸ್ಥರು ಹೆನ್ರಿ ಬ್ಲಾನ್‌ಫರ್ಡ್. ಭೂವಿಜ್ಞಾನಿಯಾಗಿ ಈ ದೇಶಕ್ಕೆ ಬಂದಿದ್ದ ಅವರು ಊರೂರಿನ ಮಳೆಯನ್ನು ಒಂದೇ ಅಳತೆಯಲ್ಲಿ ಅಳೆಯಿಸುವ ಕೆಲಸವನ್ನು ಕೈಗೆತ್ತಿಕೊಂಡರು. ಮಳೆ ಅಳೆಯುವುದು ನಮ್ಮ ದೇಶಕ್ಕೆ ಹೊಸತೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಮುಂದೆ ನಿರ್ದಿಷ್ಟ ಬಾಯಿಯಗಲದ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯುವ ವಿಧಾನ ಬಂದಿದೆ. ಯಾವ ನಾಡಿಗೆ ಎಷ್ಟು ದ್ರೋಣ ಮಳೆ ಎಂಬ ಲೆಕ್ಕವೂ ಇದೆ. ಕೊರಿಯ ದೇಶದಲ್ಲಿ 15ನೆಯ ಶತಮಾನದಲ್ಲಿಯೇ ರಾಜಾಜ್ಞೆಯಿಂದ ಊರೂರಿಗೆ ಮಳೆಮಾಪಕಗಳನ್ನು ಹಂಚಲಾಗಿತ್ತು. ಆದರೆ ಸಾವಿರಾರು ಮೈಲಿ ಹರಡಿದ ದೇಶದಲ್ಲಿ ಒಂದೇ ಬಗೆಯ ಪಾತ್ರೆಯನ್ನು, ಒಂದೇ ಎತ್ತರದಲ್ಲಿ, ಗೋಡೆ ಮರಗಳ ಮರೆಯಿಲ್ಲದ ಜಾಗದಲ್ಲಿ ನೆಟ್ಟು, ದಿನವೂ ಗೊತ್ತಾದ ಹೊತ್ತಿಗೆ ಅಳೆದು ಬರೆದಿಟ್ಟಾಗ ಮಾತ್ರ ಒಂದೂರಿನ ಮಳೆಯನ್ನು ಇನ್ನೊಂದೂರಿನ ಮಳೆಯೊಡನೆ ಹೋಲಿಸಬಹುದು.

ಈ ಅಳತೆಯ ಅರ್ಥ ಸರಳವಾದದ್ದು. ಒಂದು ಮಿಲಿಮೀಟರು ಮಳೆ ಎಂದರೆ ಹರಿಯದೆ, ಇಂಗದೆ, ಆರದೆ ನಿಂತಿದ್ದರೆ ನೆಲದ ಮೇಲೆ ಒಂದು ಮಿಲಿಮೀಟರು ಎತ್ತರಕ್ಕೆ ನಿಲ್ಲುವಷ್ಟು ನೀರು. ಒಂದು ಚದರ ಮೀಟರು ಜಾಗಕ್ಕೆ ಅದು ಒಂದು ಲೀಟರು. ಒಂದು ಎಕರೆ ಹೊಲದ ಮೇಲೆ 25 ಮಿಲಿಮೀಟರಿನ ಒಂದು ಹದಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರು ನೀರು ಬಂದಂತೆ. ಹೀಗೆ ಅಳೆದ ಅಂಕಿಗಳನ್ನು ನಕಾಶೆಯ ಮೇಲೆ ಗುರುತಿಸಿ, ಸಮನಾದ ಮಳೆಯ ಊರುಗಳನ್ನು ಕೂಡಿಸಿ ಗೆರೆ ಎಳೆದರೆ ಮಳೆಯ ನಕಾಶೆಯಾಗುತ್ತದೆ. ಅಂಥ ನಕಾಶೆಯಲ್ಲಿ ಸಹ್ಯಾದ್ರಿಯ ಉದ್ದಕ್ಕೂ ಗೆರೆಗಳು ಒತ್ತೊತ್ತಾಗಿ ನಿಂತಿರುತ್ತವೆ. ನಮ್ಮ ಕಡೆಗೆ ಬಂದಂತೆ ಅವು ಒಂದರಿಂದೊಂದು ದೂರ ಸರಿಯುತ್ತವೆ. ಜತ್ತದ ಕಷ್ಟ ಆ ಗೆರೆಗಳಲ್ಲಿಯೇ ಕಾಣುತ್ತದೆ.

ಹಿಮಾಲಯದಲ್ಲಿ ಚಳಿಗಾಲದ ಹಿಮ ಹೆಚ್ಚಾದರೆ ಮುಂದಿನ ಮುಂಗಾರು ಬಡವಾಗುತ್ತದೆ ಎಂದು ಬ್ಲಾನ್‌ಫರ್ಡ್ ಅವರು 1884ರಲ್ಲಿ ಪ್ರತಿಪಾದಿಸಿದರು. ಅದರ ಆಧಾರದ ಮೇಲೆ 1886ರಿಂದ ಮುಂಗಾರಿನ ಮುನ್ಸೂಚನೆ ನಿಯಮಿತವಾಗಿ ಹೊರಬೀಳತೊಡಗಿತು. ಅವರ ನಂತರ ಬಂದ ಜಾನ್ ಎಲಿಯಟ್ ಅವರು ಇನ್ನೂ ಹಲವು ಕುರುಹುಗಳನ್ನು ಸೇರಿಸಿ ವಿಸ್ತಾರವಾದ ಮುನ್ಸೂಚನೆಗಳನ್ನು ಬರೆದರು. ಆದರೆ 1899ರಲ್ಲಿ ಒಳ್ಳೆಯ ಮಳೆಯ ನಿರೀಕ್ಷೆಯನ್ನು ಸುಳ್ಳುಮಾಡಿ ದೇಶದ ಮೇಲೆ ಘೋರ ಬರ ಎರಗಿತು. ಪತ್ರಿಕೆಗಳು ಇಲಾಖೆಯನ್ನು ಕಟುವಾಗಿ ಟೀಕಿಸಿದವು. ಸರಕಾರ ಕೆಲಕಾಲ ಮುನ್ಸೂಚನೆಯನ್ನು ಸಾರ್ವಜನಿಕರಿಗೆ ಪ್ರಕಟಿಸುವುದನ್ನೇ ನಿಲ್ಲಿಸಿತು. ಇಂಥ ಹೊತ್ತಿನಲ್ಲಿ ನಿವೃತ್ತಿಗೆ ಅಣಿಯಾಗುತ್ತಿದ್ದ ಎಲಿಯಟ್ ಅವರ ಸ್ಥಾನಕ್ಕೆ ಆಯ್ಕೆಯಾದವರು ಹವಾಮಾನ ಶಾಸ್ತ್ರವನ್ನು ಎಂದೂ ಅಭ್ಯಾಸ ಮಾಡಿರದ ಒಬ್ಬ ಗಣಿತದ ಅಧ್ಯಾಪಕರು.

ಗಿಲ್ಬರ್ಟ್ ವಾಕರ್ ಅವರು 1868ರ ಜೂನ್ 14ರಂದು ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಇಂಜಿನಿಯರು. ದೊಡ್ಡ ಸಂಸಾರ. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ವಿದ್ಯಾರ್ಥಿವೇತನ ಪಡೆದು ಓದಿದ ಬಾಲಕ ಗಣಿತದಲ್ಲಿ ಮುಂದಾಗಿ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದರು. 1889ರ ಗಣಿತದ ಅಂತಿಮ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲಿಗರಾಗಿ ಸೀನಿಯರ್ ರಾಂಗ್ಲರ್ ಎಂಬ ಗೌರವ ಗಳಿಸಿದರು. ಆದರೆ ಅತಿಯಾದ ಅಭ್ಯಾಸ ಅವರ ಆರೋಗ್ಯವನ್ನು ಕೆಡಿಸಿತು. ಮರುವರ್ಷ ಕಾಯಿಲೆ ಬಿದ್ದ ಅವರು ಚೇತರಿಸಿಕೊಳ್ಳಲು ಮೂರು ಚಳಿಗಾಲಗಳನ್ನು ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ಕಳೆಯಬೇಕಾಯಿತು. ಅಲ್ಲಿ ಹಿಮದ ಮೇಲೆ ಜಾರುವ ಆಟವನ್ನು ಕಲಿತು ಅದರಲ್ಲಿಯೂ ಪರಿಣತರಾದರು.

ಪುಸ್ತಕದಲ್ಲಿ ಮಾತ್ರ ಮುಳುಗಿದ ಗಣಿತಜ್ಞರು ಅವರಲ್ಲ. ಆಸ್ಟ್ರೇಲಿಯದ ಮೂಲನಿವಾಸಿಗಳ ಬೂಮರಾಂಗ್ ಎಸೆದವನ ಕಡೆಗೇ ಹೇಗೆ ಮರಳಿ ಬರುತ್ತದೆ ಎಂಬ ಕುತೂಹಲ ಅವರನ್ನು ಹಿಡಿಯಿತು. ಕೇಂಬ್ರಿಜ್ಜಿನ ಹೊಳೆದಂಡೆಯ ಬಯಲಿನಲ್ಲಿ ಅದನ್ನು ಎಸೆದು ಎಸೆದು ನೋಡಿ, ಅದರ ಚಲನೆಯ ಗಣಿತವನ್ನು 1897ರಲ್ಲಿ ಪ್ರಕಟಿಸಿದರು. ಗೆಳೆಯರು ಅವರನ್ನು ಬೂಮರಾಂಗ್ ವಾಕರ್ ಎಂದೇ ಕರೆಯತೊಡಗಿದರು. ಕೊಳಲು ನುಡಿಸುತ್ತಿದ್ದರು, ಕೊಳಲಿನ ರಂಧ್ರಗಳ ಸ್ಥಾನವನ್ನು ಕುರಿತು ಲೆಕ್ಕಹಾಕಿ ಅದನ್ನು ಉತ್ತಮಗೊಳಿಸಲು ಯತ್ನಿಸಿದರು. ಮುಂದೆ ಶಿಮ್ಲಾದಲ್ಲಿದ್ದಾಗ ರೆಕ್ಕೆ ಬಡಿಯದೆ ಗಾಳಿಯಲ್ಲಿ ತೇಲುವ ಹದ್ದುಗಳನ್ನು ದೂರದರ್ಶಕದಿಂದ ಗಮನಿಸಿ ಅವುಗಳ ಹಾರಾಟದ ಬಗೆಗೂ ಬರೆದರು. ಕಣ್ಣಿಗೆ ಕಂಡದ್ದನ್ನು ಮೊದಲು ತಾಳ್ಮೆಯಿಂದ ನೋಡುವುದು, ಆಮೇಲೆ ಲೆಕ್ಕಕ್ಕೆ ಕೂಡುವುದು ಅವರ ಸ್ವಭಾವವಾಗಿತ್ತು. ಈ ಸ್ವಭಾವವೇ ಮುಂದೆ ಅವರನ್ನು ಕಾಯ್ದಿತು.

ಭಾರತದ ಹುದ್ದೆಯನ್ನು ಒಪ್ಪಿಕೊಂಡ ಬಳಿಕ ವಾಕರ್ ಅವರು ಯುರೋಪು ಮತ್ತು ಅಮೇರಿಕದ ಹವಾಮಾನ ಕಚೇರಿಗಳನ್ನು ಸುತ್ತಿ ನೋಡಿ, ಎಲಿಯಟ್ ಅವರ ಕೈಕೆಳಗೆ ಕೆಲವು ಕಾಲ ಕೆಲಸ ಕಲಿತು, 1904ರ ಜನವರಿಯಲ್ಲಿ ಇಲಾಖೆಯ ಮುಖ್ಯಸ್ಥರಾದರು. ಆಗ ಅವರಿಗೆ 35 ವರ್ಷ. ಅದೇ ವರ್ಷ ಅವರು ರಾಯಲ್ ಸೊಸೈಟಿಯ ಸದಸ್ಯರಾದರು. ಮುಂಗಾರಿನ ಗಾಳಿಯನ್ನು ಚಲನೆಯ ಸಮೀಕರಣಗಳಿಂದ ನೇರವಾಗಿ ಲೆಕ್ಕಹಾಕಿಬಿಡಬಹುದೆಂಬ ಭ್ರಮೆ ಇಂಥ ಗಣಿತಜ್ಞರಿಗೆ ಬರುವುದು ಸಹಜ. ವಾಕರ್ ಅವರು ಆ ದಾರಿಯನ್ನು ಹಿಡಿಯಲಿಲ್ಲ. ವಾತಾವರಣದ ಒಳಗುಟ್ಟು ಆಗಿನ್ನೂ ಯಾರಿಗೂ ತಿಳಿದಿಲ್ಲವೆಂದು ಅವರು ಮನಗಂಡಿದ್ದರು. ತಿಳಿಯದ ಸಿದ್ಧಾಂತದ ಮೇಲೆ ಮನೆ ಕಟ್ಟುವುದಕ್ಕಿಂತ, ದಶಕಗಳಿಂದ ಬರೆದಿಟ್ಟ ಅಂಕಿಗಳನ್ನು ಒಂದರೊಡನೊಂದು ಹೋಲಿಸಿ ಅವುಗಳ ನಡುವಿನ ನಂಟನ್ನು ಹುಡುಕುವುದೇ ಲೇಸೆಂದು ನಿರ್ಧರಿಸಿದರು.

ಆ ನಂಟನ್ನು ಅಳೆಯುವ ಗಣಿತಕ್ಕೆ ಸಹಸಂಬಂಧವೆಂದು ಹೆಸರು. ಅದನ್ನು ನಮ್ಮ ಸೀಮೆಯ ಉದಾಹರಣೆಯಿಂದಲೇ ತಿಳಿಯಬಹುದು. ಮಹಾಬಳೇಶ್ವರದ ಮಳೆ ಹೆಚ್ಚಾದ ದಿನಗಳ ಹಿಂದೆಯೇ ಸಾಂಗಲಿಯಲ್ಲಿ ಕೃಷ್ಣೆಯ ನೀರು ಏರುತ್ತದೆ. ಅವೆರಡರ ನಂಟು ಗಟ್ಟಿಯಾದದ್ದು. ಅದೇ ಮಳೆಗೂ ನಮ್ಮೂರಿನ ಶಾಲೆಯ ಪರೀಕ್ಷಾ ಫಲಿತಾಂಶಕ್ಕೂ ಯಾವ ನಂಟೂ ಇಲ್ಲ. ಎರಡು ಸಂಗತಿಗಳು ಪೂರ್ತಿಯಾಗಿ ಜೊತೆಜೊತೆಗೆ ಏರಿಳಿದರೆ ಸಹಸಂಬಂಧದ ಅಂಕಿ ಒಂದು; ಒಂದು ಏರಿದಾಗ ಇನ್ನೊಂದು ತಪ್ಪದೆ ಇಳಿದರೆ ಋಣ ಒಂದು; ನಂಟೇ ಇಲ್ಲದಿದ್ದರೆ ಸೊನ್ನೆ. ಲೋಕದಲ್ಲಿನ ಹೆಚ್ಚಿನ ನಂಟುಗಳು ಇವುಗಳ ನಡುವೆ ಎಲ್ಲಿಯೋ ಇರುತ್ತವೆ.

ಈ ಅಂಕಿಯನ್ನು ಕಂಡುಹಿಡಿಯಲು ವರ್ಷಗಟ್ಟಲೆ ಅಳತೆಗಳು ಬೇಕು. ವಾಕರ್ ಅವರು ಲೋಕದ ನಾನಾ ಮೂಲೆಗಳಿಂದ ಮಳೆ, ವಾಯುಭಾರ, ಉಷ್ಣತೆಗಳ ಅಂಕಿಗಳನ್ನು ತರಿಸಿದರು. ಮಾರಿಷಸ್, ಜಾವಾ, ಜಂಜಿಬಾರ್, ಆಸ್ಟ್ರೇಲಿಯ, ದಕ್ಷಿಣ ಅಮೇರಿಕದ ಅರ್ಜೆಂಟೀನಾ ಮತ್ತು ಚಿಲಿ, ಅಲಾಸ್ಕಾದ ನಡುಗಡ್ಡೆಗಳು, ನೈಲ್ ನದಿಯ ಪ್ರವಾಹ ಇವೆಲ್ಲ ಶಿಮ್ಲಾದ ಕಚೇರಿಯ ಮೇಜಿನ ಮೇಲೆ ಬಂದು ಕುಳಿತವು. ಇಂದಿನಂಥ ಗಣಕಯಂತ್ರಗಳು ಇಲ್ಲದ ಕಾಲ. ಗುಣಾಕಾರ, ಭಾಗಾಕಾರಗಳ ರಾಶಿಯನ್ನು ಕೈಯಿಂದಲೇ ಮಾಡಬೇಕಿತ್ತು. ಮೊದಲ ಮಹಾಯುದ್ಧದಲ್ಲಿ ಆಂಗ್ಲ ಸಹಾಯಕರು ಬೇರೆ ಸೇವೆಗೆ ಹೋದಾಗಲೂ ಕಚೇರಿಯ ಭಾರತೀಯ ಗುಮಾಸ್ತರು ಈ ಲೆಕ್ಕವನ್ನು ಬಿಡದೆ ನಡೆಸಿದರು. ಅವರ ಹಿಂದೆ ಇನ್ನೂ ದೊಡ್ಡದೊಂದು ಪರಿವಾರವಿತ್ತು. ತಾಲೂಕು ಕಚೇರಿಯ ಅಂಗಳದಲ್ಲಿ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ದಫ್ತರದಲ್ಲಿ ಬರೆದ ಕಾರಕೂನರು, ಆಸ್ಪತ್ರೆಯ ನೌಕರರು, ದೂರದ ದ್ವೀಪಗಳ ವೀಕ್ಷಕರು. ಅವರಾರಿಗೂ ತಾವು ಬರೆದ ಅಂಕಿ ಎಲ್ಲಿ ಹೋಗುತ್ತದೆ, ಯಾವ ಅಂಕಿಯೊಡನೆ ಕೂಡುತ್ತದೆ ಎಂಬುದು ತಿಳಿದಿರಲಿಲ್ಲ.

1909ರ ಹೊತ್ತಿಗೆ ವಾಕರ್ ಅವರು ನಾಲ್ಕು ಕುರುಹುಗಳ ಒಂದು ಸೂತ್ರವನ್ನು ಸಿದ್ಧಪಡಿಸಿದರು. ಮೇ ತಿಂಗಳ ಕೊನೆಯಲ್ಲಿ ಹಿಮಾಲಯದ ಮೇಲೆ ಉಳಿದ ಹಿಮ, ಮಾರಿಷಸ್ಸಿನ ವಾಯುಭಾರ, ಜಂಜಿಬಾರಿನ ಮಳೆ ಇವು ಹೆಚ್ಚಾಗಿದ್ದರೆ ಭಾರತದ ಮುಂಗಾರು ಕುಗ್ಗುವ ಸಂಭವ; ದಕ್ಷಿಣ ಅಮೇರಿಕದ ವಾಯುಭಾರ ಹೆಚ್ಚಾಗಿದ್ದರೆ ಮುಂಗಾರು ಚೆನ್ನಾಗಿ ಆಗುವ ಸಂಭವ. ಒಬ್ಬ ಅಧಿಕಾರಿಯ ಅನುಭವ ಅಥವಾ ಊಹೆಯ ಬದಲು ಅಂಕಿಗಳ ಮೇಲೆ ನಿಂತ ಮೊದಲ ಮುಂಗಾರಿನ ಮುನ್ಸೂಚನೆ ಅದು. ಯಾವ ಕುರುಹಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ಲೆಕ್ಕವೇ ಹೇಳುತ್ತಿತ್ತು. ಬೇರೆಯವರೂ ಅದನ್ನು ಪರೀಕ್ಷಿಸಿ ನೋಡಬಹುದಾಗಿತ್ತು.

ಆದರೆ ವಾಕರ್ ಅವರ ದೊಡ್ಡತನ ಸೂತ್ರ ಕಟ್ಟಿದ್ದರಲ್ಲಿ ಮಾತ್ರವಿಲ್ಲ, ತಮ್ಮ ಸೂತ್ರವನ್ನೇ ಶಂಕಿಸಿದ್ದರಲ್ಲಿದೆ. ಇದನ್ನು ವಿದ್ಯಾರ್ಥಿಗಳು ಒಂದು ಆಟದಿಂದ ತಿಳಿಯಬಹುದು. ಶಾಲೆಯ ನೂರು ಮಕ್ಕಳು ತಲಾ ಆರು ಬಾರಿ ನಾಣ್ಯ ಚಿಮ್ಮಲಿ. ಅವರಲ್ಲಿ ಒಬ್ಬಿಬ್ಬರಿಗೆ ಆರು ಬಾರಿಯೂ ಒಂದೇ ಮುಖವಾದ ರಾಜಮುಖವೇ ಬೀಳಬಹುದೆಂದು ಲೆಕ್ಕ ಹೇಳುತ್ತದೆ. ಹಾಗೆಂದು ಆ ಮಗುವಿನ ಕೈಯಲ್ಲಿ ಯಾವ ಮಾಯೆಯೂ ಇಲ್ಲ. ನೂರು ಜನ ಚಿಮ್ಮಿದ್ದರಿಂದ ಅದು ಬಂತು, ಅಷ್ಟೇ. ಅದೇ ರೀತಿ ಭಾರತದ ಮಳೆಯನ್ನು ಲೋಕದ ನೂರು ಸಂಗತಿಗಳೊಡನೆ ಹೋಲಿಸಿದರೆ ಒಂದೆರಡು ಕೇವಲ ಆಕಸ್ಮಿಕವಾಗಿ ಗಟ್ಟಿ ನಂಟಿನಂತೆ ಕಾಣುತ್ತವೆ. ಈ ಅಪಾಯವನ್ನು ವಾಕರ್ ಅವರು ಚೆನ್ನಾಗಿ ಬಲ್ಲವರಾಗಿದ್ದರು. ಎಷ್ಟು ಹೋಲಿಕೆಗಳನ್ನು ಮಾಡಿದಾಗ ನಂಟು ಎಷ್ಟು ಗಟ್ಟಿಯಾಗಿದ್ದರೆ ಮಾತ್ರ ನಂಬಬಹುದು ಎಂಬುದಕ್ಕೆ 1914ರಲ್ಲಿ ಒಂದು ಅಳತೆಗೋಲನ್ನೇ ಪ್ರಕಟಿಸಿದರು. ಕಾಡು ಕಡಿದದ್ದರಿಂದಲೋ ಬೇರೆ ಕಾರಣದಿಂದಲೋ ಭಾರತದ ಮಳೆ ಶಾಶ್ವತವಾಗಿ ಕಡಿಮೆಯಾಗಿದೆಯೆಂಬ ಆಗಿನ ಆತಂಕವನ್ನೂ 1910ರಲ್ಲಿ ಹಳೆಯ ದಾಖಲೆಗಳ ಮೂಲಕ ಪರಿಶೀಲಿಸಿ, ಹಾಗೆ ಹೇಳಲು ಆ ದಾಖಲೆಗಳಲ್ಲಿ ಸಾಕಷ್ಟು ಆಧಾರವಿಲ್ಲವೆಂದು ತೋರಿಸಿದರು.

ಅವರ ಜೀವನದ ಇನ್ನೊಂದು ಪ್ರಸಂಗ ಮಳೆಗೆ ಸಂಬಂಧಿಸಿದ್ದಲ್ಲವಾದರೂ ಶಾಲೆಯ ಸಂಚಿಕೆಯಲ್ಲಿ ಬಿಡಲಾಗದ್ದು. 1913ರ ಫೆಬ್ರುವರಿಯಲ್ಲಿ ಇಲಾಖೆಯ ಕೆಲಸದ ಮೇಲೆ ಮದ್ರಾಸಿಗೆ ಹೋದಾಗ ಅಲ್ಲಿನ ಬಂದರು ಕಚೇರಿಯ ಗುಮಾಸ್ತರೊಬ್ಬರ ಗಣಿತದ ಬರಹಗಳನ್ನು ಅವರಿಗೆ ತೋರಿಸಲಾಯಿತು. ಆ ಗುಮಾಸ್ತರು ಶ್ರೀನಿವಾಸ ರಾಮಾನುಜನ್. ಆ ಗಣಿತ ತಮ್ಮ ಕ್ಷೇತ್ರದ್ದಲ್ಲದಿದ್ದರೂ ಅದರ ಮಟ್ಟವನ್ನು ವಾಕರ್ ಅವರು ಕೂಡಲೇ ಗುರುತಿಸಿದರು. ಈ ಯುವಕನಿಗೆ ಹೊಟ್ಟೆಪಾಡಿನ ಚಿಂತೆಯಿಲ್ಲದೆ ಕೆಲವು ವರ್ಷ ಗಣಿತದಲ್ಲಿಯೇ ತೊಡಗುವಂತೆ ನೆರವಾಗಬೇಕೆಂದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಕೆಲವೇ ವಾರಗಳಲ್ಲಿ ರಾಮಾನುಜನ್ನರಿಗೆ ತಿಂಗಳಿಗೆ 75 ರೂಪಾಯಿಗಳ ಸಂಶೋಧನ ವೇತನ ದೊರೆಯಿತು. ಪದವಿಯಿಲ್ಲದ ಪ್ರತಿಭೆಯನ್ನು ಗುರುತಿಸಿದ ಕಣ್ಣು ಅದು.

1918ರಲ್ಲಿ ಮುಂಗಾರು ಮತ್ತೆ ದೇಶದಾದ್ಯಂತ ತಪ್ಪಿತು. ಅದರ ಬೆನ್ನಿಗೇ ಇನ್‌ಫ್ಲುಯೆಂಜಾ ರೋಗ ಬಂದು ಲಕ್ಷಾಂತರ ಜನರನ್ನು ಒಯ್ದಿತು. ಮಳೆಯ ಮುನ್ಸೂಚನೆ ಎಷ್ಟು ಅಗತ್ಯ, ತಮ್ಮ ಸಾಧನಗಳು ಎಷ್ಟು ಅಪೂರ್ಣ ಎಂಬುದು ವಾಕರ್ ಅವರಿಗೆ ತಿಳಿದಿತ್ತು. ಇಡೀ ಭಾರತವನ್ನು ಒಂದೇ ಹೊಲದಂತೆ ಎಣಿಸುವುದು ಸರಿಯಲ್ಲವೆಂದು ಕಂಡುಕೊಂಡು, ಮುಂದೆ ವಾಯವ್ಯ ಭಾರತ, ಈಶಾನ್ಯ ಭಾರತ ಮತ್ತು ಪರ್ಯಾಯದ್ವೀಪ ಎಂದು ದೇಶವನ್ನು ವಿಂಗಡಿಸಿ ಲೆಕ್ಕಹಾಕಿದರು. ನಮ್ಮ ಜತ್ತ ಸೇರಿದ್ದು ಪರ್ಯಾಯದ್ವೀಪದ ಪಾಲಿಗೆ. ನಾಳೆಯ ಹವೆಯನ್ನು ಹೇಳುವಷ್ಟು ಖಚಿತವಾಗಿ ಋತುವಿನ ಮಳೆಯನ್ನು ಹೇಳಲಾಗದೆಂದು ತಿಳಿದು, ತಮ್ಮ ಮಾತನ್ನು ಮುನ್ಸೂಚನೆಯೆಂದು ಕರೆಯದೆ, ಮುಂದಿನದರ ನೆರಳು ಮಾತ್ರವೆಂಬರ್ಥದ ಬೇರೊಂದು ಶಬ್ದವನ್ನು ಬಳಸಿದರು.

ನಂಟುಗಳನ್ನು ಹುಡುಕುತ್ತ ಹೋದಂತೆ ಒಂದು ಅಚ್ಚರಿಯ ಚಿತ್ರ ಮೂಡತೊಡಗಿತು. ಭಾರತದಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಬರ ಜೊತೆಯಾಗಿ ಬರುವುದನ್ನು ಹಿಂದೆಯೇ ಕೆಲವರು ಗಮನಿಸಿದ್ದರು. ವಾಕರ್ ಅವರು ಆ ಬಿಡಿ ಸಂಗತಿಗಳನ್ನು ಕೂಡಿಸಿ ನೋಡಿದರು. ಶಾಂತಸಾಗರದ ಮೇಲೆ ವಾಯುಭಾರ ಹೆಚ್ಚಾಗಿರುವಾಗ ಆಫ್ರಿಕದಿಂದ ಆಸ್ಟ್ರೇಲಿಯದವರೆಗೆ ಹಿಂದೂ ಮಹಾಸಾಗರದ ಮೇಲೆ ಅದು ಕಡಿಮೆಯಾಗಿರುತ್ತದೆ. ಇತ್ತ ಏರಿದಾಗ ಅತ್ತ ಇಳಿಯುತ್ತದೆ. ಅರ್ಧ ಭೂಮಂಡಲದ ಅಗಲದ ಒಂದು ತಕ್ಕಡಿ ವರ್ಷದಿಂದ ವರ್ಷಕ್ಕೆ ಮೆಲ್ಲನೆ ತೂಗುತ್ತಿದ್ದಂತೆ. ಇದಕ್ಕೆ ಅವರು ದಕ್ಷಿಣದ ಆಂದೋಲನವೆಂಬರ್ಥದ ಹೆಸರಿಟ್ಟರು. ಉತ್ತರ ಅಟ್ಲಾಂಟಿಕ್ ಮತ್ತು ಉತ್ತರ ಶಾಂತಸಾಗರಗಳಲ್ಲಿ ಇನ್ನೆರಡು ಚಿಕ್ಕ ಆಂದೋಲನಗಳನ್ನೂ ಗುರುತಿಸಿದರು. 1923 ಮತ್ತು 1924ರಲ್ಲಿ ಲೋಕದ ಹವೆಯನ್ನು ಕುರಿತು ಅವರು ಪ್ರಕಟಿಸಿದ ಪ್ರಬಂಧಗಳಲ್ಲಿ ಈ ಚಿತ್ರ ಸ್ಪಷ್ಟವಾಯಿತು. ನಮ್ಮ ಸೀಮೆಯ ರೈತ ಮುಗಿಲು ನೋಡಿ ಕಾಯುವ ಮಳೆಗೆ ದಕ್ಷಿಣ ಅಮೇರಿಕದ ಕರಾವಳಿಯವರೆಗೆ ನಂಟಿದೆ ಎಂಬುದು ಮೊದಲ ಬಾರಿ ಅಂಕಿಗಳಲ್ಲಿ ಕಂಡಿತು.

1924ರಲ್ಲಿ ವಾಕರ್ ಅವರು ನಿವೃತ್ತರಾದರು. ಅದೇ ವರ್ಷ ಅವರಿಗೆ ಸರ್ ಪದವಿ ಸಂದಿತು. ತಾಯ್ನಾಡಿಗೆ ಮರಳಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1934ರವರೆಗೆ ಹವಾಮಾನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಸಾವಿರಾರು ಸ್ವಯಂಸೇವಕರನ್ನು ಕಟ್ಟಿಕೊಂಡು ಬ್ರಿಟನ್ನಿನ ಊರೂರಿನ ಮಳೆಯನ್ನು ಅಳೆಯಿಸಿದ ಜಾರ್ಜ್ ಸೈಮನ್ಸ್ ಅವರ ಹೆಸರಿನ ಚಿನ್ನದ ಪದಕ ವಾಕರ್ ಅವರಿಗೆ 1934ರಲ್ಲಿ ದೊರೆಯಿತು. ಆದರೆ ಅವರ ಆಂದೋಲನದ ಮಾತನ್ನು ಅನೇಕರು ಅಷ್ಟಾಗಿ ನಂಬಲಿಲ್ಲ. ಅಷ್ಟು ದೂರದ ಊರುಗಳ ಹವೆಗಳು ಏಕೆ ಕೂಡಿ ಏರಿಳಿಯಬೇಕು ಎಂಬುದಕ್ಕೆ ಅವರ ಬಳಿ ಕಾರಣವಿರಲಿಲ್ಲ; ಕಾರಣ ತಿಳಿಯದೆಂಬುದನ್ನು ಅವರು ಮುಚ್ಚಿಡಲೂ ಇಲ್ಲ. ಅವರ ಕೆಲವು ಕುರುಹುಗಳು ಕಾಲ ಕಳೆದಂತೆ ದುರ್ಬಲವಾದವು. ಮುಂದೆ ಇಲಾಖೆಯ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ನಾರ್ಮಂಡ್ ಅವರು 1953ರಲ್ಲಿ ಹಿಂದಿರುಗಿ ನೋಡಿ, ಬೇರೆಡೆಯ ಹವೆ ಭಾರತದ ಮುಂಗಾರನ್ನು ತಿಳಿಸುವುದಕ್ಕಿಂತ ಭಾರತದ ಮುಂಗಾರೇ ಬೇರೆಡೆಯ ಹವೆಯನ್ನು ಮೊದಲಾಗಿ ತಿಳಿಸುತ್ತದೆ ಎಂಬ ವಿಚಿತ್ರವನ್ನು ಎತ್ತಿ ತೋರಿದರು. 1958ರ ನವೆಂಬರ್ 4ರಂದು 90ನೆಯ ವಯಸ್ಸಿನಲ್ಲಿ ವಾಕರ್ ಅವರು ತೀರಿಕೊಂಡಾಗ, ಅವರ ದೊಡ್ಡ ಪ್ರಯತ್ನ ಫಲಿಸಲಿಲ್ಲವೆಂದೇ ಹಲವರ ಭಾವನೆಯಾಗಿತ್ತು.

ಫಲ ಬಂದದ್ದು ಅವರು ಹೋದ ಮೇಲೆ. ಪೆರು ದೇಶದ ಕರಾವಳಿಯ ಬೆಸ್ತರು ಕೆಲವು ವರ್ಷ ಕ್ರಿಸ್‌ಮಸ್ಸಿನ ಸುಮಾರಿಗೆ ಸಮುದ್ರದ ನೀರು ಬೆಚ್ಚಗಾಗಿ ಮೀನು ದೂರವಾಗುವುದನ್ನು ಕಂಡು ಅದನ್ನು ಎಲ್ ನಿನೊ ಎಂದು ಕರೆಯುತ್ತಿದ್ದರು. ಜೇಕಬ್ ಬ್ಯರ್ಕ್ನೆಸ್ ಎಂಬ ವಿಜ್ಞಾನಿ 1969ರಲ್ಲಿ ಆ ಬೆಚ್ಚನೆಯ ನೀರಿಗೂ ವಾಕರ್ ಅವರ ಆಂದೋಲನಕ್ಕೂ ಇರುವ ನಂಟನ್ನು ಬಿಡಿಸಿ ತೋರಿಸಿದರು. ಸಾಮಾನ್ಯ ವರ್ಷಗಳಲ್ಲಿ ಶಾಂತಸಾಗರದ ಪಶ್ಚಿಮದಲ್ಲಿ, ಇಂಡೊನೇಷ್ಯದ ಸುತ್ತ, ನೀರು ಬೆಚ್ಚಗಿರುತ್ತದೆ. ಅಲ್ಲಿ ಗಾಳಿ ಮೇಲೇರಿ ಮಳೆ ಸುರಿಸುತ್ತದೆ. ಪೂರ್ವದ ತಣ್ಣನೆಯ ನೀರಿನ ಮೇಲೆ ಅದೇ ಗಾಳಿ ಕೆಳಗಿಳಿಯುತ್ತದೆ. ಎಲ್ ನಿನೊ ವರ್ಷದಲ್ಲಿ ಬೆಚ್ಚನೆಯ ನೀರು ಪೂರ್ವಕ್ಕೆ ಸರಿಯುತ್ತದೆ. ಅದರೊಡನೆ ಗಾಳಿ ಮೇಲೇರುವ ಜಾಗವೂ ಸರಿಯುತ್ತದೆ. ನಮ್ಮ ಕಡೆ ಮುಂಗಾರು ಕುಗ್ಗುವ ಸಂಭವ ಹೆಚ್ಚುತ್ತದೆ. ಗಾಳಿಯ ಈ ಸುತ್ತಾಟಕ್ಕೆ ಬ್ಯರ್ಕ್ನೆಸ್ ಅವರು ವಾಕರ್ ಪರಿಚಲನೆಯೆಂದು ಹೆಸರಿಟ್ಟರು.

ಆ ಹೆಸರಿಟ್ಟ ಮೂರನೆಯ ವರ್ಷವೇ, 1972ರಲ್ಲಿ, ಎಲ್ ನಿನೊ ಬಂತು. ಮಹಾರಾಷ್ಟ್ರದ ಮೇಲೆ ಬರವೂ ಬಂತು. ನಮ್ಮ ಶಾಲೆಯ ಹಿರಿಯ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಆ ವರ್ಷದ ಮಿಲೊ ಜೋಳದ ರೊಟ್ಟಿಯನ್ನು, ಸುಕಡಿಯನ್ನು, ಬರದ ಕಾಮಗಾರಿಯ ಕಲ್ಲಿನ ರಾಶಿಗಳನ್ನು ಇಂದಿಗೂ ಮರೆತಿರಲಾರರು. ಆದರೆ ಈ ನಂಟು ಕಬ್ಬಿಣದ ಕಟ್ಟಲ್ಲ. 1997ರಲ್ಲಿ ಅತಿ ಬಲವಾದ ಎಲ್ ನಿನೊ ಇದ್ದರೂ ದೇಶದ ಮುಂಗಾರು ಸರಾಸರಿಗೆ ಕಡಿಮೆಯಾಗಲಿಲ್ಲ. ಸಂಭವಕ್ಕೂ ನಿಶ್ಚಯಕ್ಕೂ ಇರುವ ವ್ಯತ್ಯಾಸವನ್ನು ವಾಕರ್ ಅವರು ತಮ್ಮ ಕಾಲದಲ್ಲಿಯೇ ಕಂಡಿದ್ದರು.

ಅವರ ಕಾಲದ ಲೋಕದ ಮಳೆಯ ನಕಾಶೆಯಲ್ಲಿ ಸಮುದ್ರಗಳ ಭಾಗ ಹೆಚ್ಚುಕಡಿಮೆ ಬರಿದಾಗಿತ್ತು. ಅಲ್ಲಿ ಪಾತ್ರೆಯಿಟ್ಟು ಅಳೆಯುವವರು ಯಾರು? 1997ರಲ್ಲಿ ಅಮೇರಿಕ ಮತ್ತು ಜಪಾನ್ ಕೂಡಿ ಹಾರಿಸಿದ ಉಪಗ್ರಹ ಉಷ್ಣವಲಯದ ಕಡಲ ಮೇಲಿನ ಮಳೆಯನ್ನು ಆಕಾಶದಿಂದ ರಾಡಾರಿನ ಮೂಲಕ ಅಳೆಯತೊಡಗಿತು. 2014ರಲ್ಲಿ ಅದಕ್ಕಿಂತ ದೊಡ್ಡ ಯೋಜನೆ ಆರಂಭವಾಯಿತು. ಆದರೂ ಆಕಾಶದ ಅಳತೆ ಸರಿಯೇ ಎಂದು ತಾಳೆ ನೋಡುವುದು ನೆಲದ ಮೇಲಿನ ಮಳೆಮಾಪಕದೊಡನೆಯೇ. ಶಿಮ್ಲಾದ ಕಚೇರಿ 1928ರಲ್ಲಿ ಪುಣೆಗೆ ಬಂತು. ಶಿವಾಜಿನಗರದ ಆ ಕಟ್ಟಡವನ್ನು ಜನ ಇಂದಿಗೂ ಸಿಮ್ಲಾ ಆಫೀಸ್ ಎಂದೇ ಕರೆಯುತ್ತಾರೆ. ಆ ದಾರಿಯಲ್ಲಿ ಹೋಗುವ ನಮ್ಮ ಹಳೆಯ ವಿದ್ಯಾರ್ಥಿಗಳು ಆ ಹೆಸರಿನ ಹಿಂದಿನ ಕಥೆಯನ್ನು ಒಮ್ಮೆ ನೆನೆಯಲಿ.

ಇಷ್ಟೆಲ್ಲ ಹೇಳಿದ ಮೇಲೆ ಮೊದಲು ಬಿಟ್ಟ ಮಾತಿಗೆ ಮರಳಬೇಕು. ಮಳೆಯನ್ನು ಅಳೆದ ಮಾತ್ರಕ್ಕೆ, ಮುಂದಾಗಿ ತಿಳಿದ ಮಾತ್ರಕ್ಕೆ ಹಸಿವು ನೀಗುವುದಿಲ್ಲ. 1877ರಲ್ಲಿ ಮಳೆಯ ಅಂಕಿಗಳು ಸರಕಾರದ ಕೈಯಲ್ಲಿದ್ದರೂ ಜನ ಸತ್ತರು. 1972ರಲ್ಲಿ ಬರ ಕ್ರೂರವಾಗಿದ್ದರೂ ಊರೂರಲ್ಲಿ ಕೆಲಸ ಕೊಟ್ಟು ಕೂಲಿ ಕೊಟ್ಟದ್ದರಿಂದ ಅಂಥ ಸಾವು ತಪ್ಪಿತು. ಆ ರೋಜಗಾರ ಹಮಿ ಯೋಜನೆಯ ಮೊದಲ ಪ್ರಯೋಗ ನಡೆದದ್ದು ನಮ್ಮದೇ ಜಿಲ್ಲೆಯ ತಾಸಗಾವ ತಾಲೂಕಿನ ವಿಸಾಪುರದಲ್ಲಿ, ವಿ. ಸ. ಪಾಗೆ ಅವರ ಪ್ರಯತ್ನದಿಂದ ಎಂಬುದು ನಮಗೆ ಹೆಮ್ಮೆಯ ಸಂಗತಿ. ಮಳೆಯ ಲೆಕ್ಕ ಬರೆಯುವವರಿಗೂ ಆ ಲೆಕ್ಕ ಓದಿ ಜನರಿಗೆ ನೆರವಾಗುವವರಿಗೂ ಸಮನಾದ ಹೊಣೆಯಿದೆ.

ವಾಕರ್ ಅವರ ಜೀವನದಿಂದ ನಮ್ಮ ಮಕ್ಕಳು ಕಲಿಯಬೇಕಾದದ್ದು ದೊಡ್ಡ ಗಣಿತವನ್ನಷ್ಟೇ ಅಲ್ಲ. ಸರಿಯಾಗಿ ಅಳೆಯುವುದು, ಅಳೆದದ್ದನ್ನೇ ಬರೆಯುವುದು, ತಿಳಿಯದ್ದನ್ನು ತಿಳಿಯದೆಂದು ಒಪ್ಪುವುದು ಇವು ಯಾವ ಶಾಲೆಯ ಮಗುವಿಗೂ ಸಾಧ್ಯವಾದ ಗುಣಗಳು. ಶತಮಾನೋತ್ಸವದ ನೆನಪಿಗಾಗಿ ಶಾಲೆಯ ಬಯಲಿನಲ್ಲಿ ಒಂದು ಮಳೆಮಾಪಕವನ್ನು ನೆಟ್ಟು, ದಿನವೂ ಬೆಳಿಗ್ಗೆ ಎಂಟೂವರೆಗೆ ಒಬ್ಬ ವಿದ್ಯಾರ್ಥಿ ಅದನ್ನು ಓದಿ ದಫ್ತರದಲ್ಲಿ ಬರೆಯುವ ಪರಿಪಾಠವನ್ನು ಪಾಲಕರೂ ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ಕೂಡಿ ಆರಂಭಿಸಬಹುದು. ಜತ್ತದಲ್ಲಿ ಬಹಳ ದಿನ ಆ ಪಾತ್ರೆ ಒಣಗಿಯೇ ಇರುತ್ತದೆ. ಆ ದಿನಗಳಲ್ಲಿಯೂ ಪುಟವನ್ನು ಖಾಲಿ ಬಿಡದೆ ಸೊನ್ನೆಯೆಂದು ಬರೆಯಬೇಕು. ಏಕೆಂದರೆ ಖಾಲಿ ಬಿಟ್ಟರೆ ಅಂದು ಮಳೆ ಬರಲಿಲ್ಲವೋ, ನೋಡುವವರೇ ಬರಲಿಲ್ಲವೋ ಎಂಬುದು ಮುಂದಿನವರಿಗೆ ತಿಳಿಯದು. ನಮ್ಮ ಶಾಲೆಯ ಎರಡನೆಯ ಶತಮಾನದ ಮಕ್ಕಳು ಆ ಪುಟಗಳನ್ನು ತೆರೆದಾಗ ಅವರಿಗೆ ಅದು ತಿಳಿದಿರಬೇಕು.